ನಿನ್ನ ಅಂಗಳದ ಕಡೆಗಿನ ಇಳಿಜಾರು

ಧನೀ ಅಣ್ಣಾ,

ಇವತ್ತು ಬೆಳಿಗ್ಗೆ ನನ್ನ ಮನೆಯ ಹೊಸ ಮಾಡಿನ ಮೇಲಿದ್ದ ಹಿಮವೆಲ್ಲ ಒಂದೇ ಸಲ ಜಾರಿ ನಿನ್ನ ಅಂಗಳಕ್ಕೆ ಬಿತ್ತು. ನೀನು ಬಿಸಿಲು ಕಾಯಿಸಿಕೊಳ್ಳುತ್ತ ಹುಕ್ಕಾ ಸೇದುತ್ತಿದ್ದ ಕಟ್ಟೆ ಪೂರ್ತಿ ಮುಚ್ಚಿಹೋಯಿತು. ನನಗೆ ಬೇಕಾಗಿದ್ದೂ ಅದೇ.

ಮನೆ ಪಾಲಾದಾಗ, ಅಪ್ಪ ಹೊದಿಸಿದ್ದ ಕಪ್ಪು ಕಲ್ಲಿನ ಚಪ್ಪಡಿಗಳನ್ನು ನನ್ನ ತಲೆಯ ಮೇಲಿಂದಲೇ ಕಿತ್ತು ನಿನ್ನ ಕೆಳಮನೆಗೆ ಹಾಕಿಕೊಂಡವನು ನೀನು. "ಇದು ದೊಡ್ಡವನ ಪಾಲು. ನೀನು ಹುಲ್ಲು ಹೊದಿಸ್ಕೋ ಹೋಗೋ" ಅಂತ ಊರೆದುರು ನಕ್ಕವನೂ ನೀನೇ.

ಈ ಬೇಸಿಗೆಯಲ್ಲಿ ಮನೆ ರಿಪೇರಿಗೆ ಕೈಹಾಕಿ, ಗೋಡೆಗೆ ದೇವದಾರು ಹಲಗೆ ಹೊಡೆಸಿದೆ. ಮಾಡಿಗೆ ಮಾತ್ರ ಮತ್ತೆ ಕಲ್ಲೇ ಇರಲಿ ಎಂದು ಮೇಸ್ತ್ರಿ ಹೀರು ಹಟ ಹಿಡಿದ.

"ಕಲ್ಲಿನ ಮೇಲಾದ್ರೆ ಹಿಮ ಕೂತ್ಕೊಂಡು ನಿಧಾನಕ್ಕೆ ಕರಗುತ್ತೆ ಕಣಯ್ಯಾ. ತಗಡು ನುಣುಪು. ಎಲ್ಲಾ ಒಟ್ಟಿಗೇ ಜಾರಿ ನಿಮ್ಮಣ್ಣನ ಅಂಗಳಕ್ಕೆ ಬೀಳುತ್ತೆ."

"ಹಾಗಾದ್ರೆ ತಗಡೇ ಹಾಕು."

"ಹಿಮ ಜಾರದ ಹಾಗೆ ಅಂಚಿಗೆ ತಡೆಪಟ್ಟಿನಾದ್ರೂ ಹೊಡೀಲಾ?"

"ಬೇಡ. ಇಳಿಜಾರು ಇನ್ನೂ ಕಡಿದಾಗಿ ಮಾಡು."

ಹಿಮ ಬಿದ್ದ ದಿನ ನೀನು ಹೊರಗೆ ಬಂದು ಕೂಗಾಡಿದರೆ ಏನೇನು ಅನ್ನಬೇಕೋ ಎಲ್ಲ ಮಸೆದಿಟ್ಟುಕೊಂಡಿದ್ದೆ. ನೀನೋ, ಸೇಬಿನ ಕೊಯ್ಲು ಮುಗಿಯುವ ಮೊದಲೇ ಜ್ವರ ಅಂತ ಮಲಗಿದವನು ಏಳಲೇ ಇಲ್ಲ.

ಇವತ್ತು ಸದ್ದು ಕೇಳಿ ಅತ್ತಿಗೆ ಹೊರಗೆ ಬಂದರು. ಮಾಡನ್ನು ನೋಡಿದರು, ನನ್ನನ್ನು ನೋಡಿದರು, ಸಲಿಕೆ ಹಿಡಿದರು. ಬೈದಿದ್ದರೆ ಚೆನ್ನಾಗಿತ್ತು. ನಾನೂ ಸಲಿಕೆ ತೆಗೆದುಕೊಂಡು ಇಳಿದೆ.

"ಅವರ ಕಟ್ಟೆ ಒಂದನ್ನ ಬಿಡಿಸಿಕೊಡು, ಸಾಕು" ಅಂದರು.

ಬಿಡಿಸಿದೆ. ಆದರೆ ತಡೆಪಟ್ಟಿ ಮಾತ್ರ ಹಾಕಿಸುವುದಿಲ್ಲ, ತಿಳೀತಾ? ಧೈರ್ಯವಿದ್ದರೆ ಆ ಕಟ್ಟೆಯ ಮೇಲೆ ಬಂದು ಕೂತು ಬೈಯಿ.