ಕರಿಗಣ್ಣಿಯ ಬುಡದಲ್ಲಿ

ತಾ. ೧೪, ಭಾನುವಾರ

ಪ್ರೀತಿಯ ಅತ್ತಿಗೆಗೆ,

ಇಷ್ಟು ವರ್ಷದ ಮೇಲೆ ನನ್ನ ಕೈಬರಹ ಕಂಡು, ಲಕೋಟೆ ಒಡೆಯುವುದೋ ಬೇಡವೋ ಎಂದು ನೀವು ಯೋಚಿಸಿರಬಹುದು. ಒಡೆದಿದ್ದೀರಲ್ಲ, ಅಷ್ಟು ಸಾಕು. ಫೋನಿನಲ್ಲೇ ಹೇಳೋಣವೆಂದು ನಂಬರ್ ಒತ್ತಿದೆ. ನಿಮ್ಮ ‘ಹಲೋ’ ಕೇಳಿದ ಮೇಲೆ ಮೊದಲ ಮಾತು ಯಾವುದೆಂದು ಹೊಳೆಯದೆ ಇಟ್ಟುಬಿಟ್ಟೆ. ಶುಕ್ರವಾರ ಸುಮ್ಮನೆ ಕಟ್ಟಾದ ಫೋನು ನನ್ನದೇ.

ನಿಮ್ಮ ತಮ್ಮ ಸಿಕ್ಕಿದ್ದಾರೆ. ಬದುಕಿಲ್ಲ. ಮನೆಯಿಂದ ಹೊರಟ ಆ ಭಾನುವಾರವೇ ಹೋಗಿಬಿಟ್ಟಿದ್ದರು ಎನ್ನುತ್ತಾರೆ. ಯಾರ ಜೊತೆಗೂ ಓಡಿಹೋಗಿರಲಿಲ್ಲ ಅತ್ತಿಗೆ. ನಮ್ಮನ್ನು ಬಿಟ್ಟೂ ಹೋಗಿರಲಿಲ್ಲ.

ಅವರಿಗೆ ಕುರುಚಲು ಕಾಡಿನ ಹುಚ್ಚಿದ್ದದ್ದು ನಿಮಗೆ ಗೊತ್ತೇ ಇದೆ. ವಾರವೆಲ್ಲ ಲಿಫ್ಟ್ ರಿಪೇರಿ ಮಾಡುತ್ತ ಬಾವಿಯಂಥ ಕತ್ತಲಲ್ಲಿ ಇರುವವನಿಗೆ ಭಾನುವಾರವಾದರೂ ಆಕಾಶ ಬೇಡವೇ ಎನ್ನುತ್ತಿದ್ದರು. ಅಲ್ಲೊಂದು ಗಿಡ, ಮಂಡಿಯೆತ್ತರವೂ ಬರದ ಪೊದೆ. ಮರಗಳು ಮುಗಿದು ಮರಳು ನೆಲ ಶುರುವಾಗುವ ಕಡೆ ಬೆಳೆಯುತ್ತದೆ. ನಸುಗೆಂಪು ಹೂ, ನೆಲ ನೋಡುತ್ತ ಜೋತುಬಿದ್ದಿರುತ್ತದೆ. ಬಗ್ಗಿ ಮುಖ ಎತ್ತಿದರೆ ನಡುವೆ ಕಪ್ಪು ಚುಕ್ಕೆ. ಅದಕ್ಕೆ ಕರಿಗಣ್ಣಿ ಎಂದು ಅವರೇ ಹೆಸರಿಟ್ಟಿದ್ದರು. ಒಮ್ಮೆ ಕಿತ್ತು ತಂದು ಕುಂಡದಲ್ಲಿ ನೆಟ್ಟರು, ವಾರದೊಳಗೆ ಒಣಗಿತು. ‘ಇವಳಿಗೆ ನಮ್ಮನೆ ಒಗ್ಗಲಿಲ್ಲ ಬಿಡೇ’ ಎಂದು ಪೆಚ್ಚಾಗಿ ನಕ್ಕಿದ್ದರು. ಆ ಭಾನುವಾರವೂ ಅದು ಹೂ ಬಿಟ್ಟಿದೆಯಾ ನೋಡಿ ಬರುತ್ತೇನೆ ಎಂದೇ ಹೊರಟದ್ದು.

ಮುಂದಿನದು ನಿಮಗೂ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಾಕಿಕೊಂಡು ನಿಂತಿದ್ದರೆಂದು ಯಾರೋ ಹೇಳಿದರು. ಅವರು ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡದ ರಿಸೆಪ್ಷನ್ ಹುಡುಗಿ ಅದೇ ವಾರ ಕೆಲಸ ಬಿಟ್ಟಳು. ಜನರಿಗೆ ಅಷ್ಟೇ ಬೇಕಿತ್ತು. ಪೊಲೀಸರು ಕಾಡಿನ ದಾರಿಯಲ್ಲಿ ಒಂದು ಮಧ್ಯಾಹ್ನ ಓಡಾಡಿ, ‘ದೊಡ್ಡೋರು, ಇಷ್ಟಪಟ್ಟು ಹೋಗಿರ್ತಾರೆ, ಬರ್ತಾರೆ ಬಿಡಿ’ ಎಂದರು. ನೆಮ್ಮದಿಯ ಮನೆಯನ್ನು ಯಾವ ಗಂಡಸೂ ಬಿಟ್ಟು ಹೋಗುವುದಿಲ್ಲ ಎಂದು ನೀವು ಬರೆದಿರಿ. ಅದನ್ನು ಎತ್ತಿ ಆಡಲು ಈ ಕಾಗದವಲ್ಲ. ನಾನೂ ಅದನ್ನೇ ನಂಬಿದ್ದೆ. ಅವರ ಶರ್ಟುಗಳನ್ನು ಯಾರುಯಾರಿಗೋ ಕೊಟ್ಟೆ. ಬೆಳಿಗ್ಗೆ ಎದ್ದರೆ ಅವರ ಮೇಲಿನ ಸಿಟ್ಟು, ಮಲಗಿದರೆ ಅದೇ ಸಿಟ್ಟು. ಅದೇ ನನ್ನನ್ನು ಕೆಲಸಕ್ಕೆ ಕಳಿಸುತ್ತಿತ್ತು, ಅದೇ ಉಣ್ಣಿಸುತ್ತಿತ್ತು.

ಈ ಗುರುವಾರ ಬಾಗಿಲಿಗೆ ಪೊಲೀಸರು ಬಂದರು. ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಕೆಲಸದ ಲ್ಯಾಬಿನಿಂದ ಕರೆ ಬಂದಿದೆ ಎಂದು ಕೂಗಿ ಹೇಳಿ ಪೊಲೀಸರ ಜೊತೆ ಹೊರಟೆ. ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು, ಇನ್‌ಸ್ಪೆಕ್ಟರ್, ನನ್ನನ್ನು ಕೂರಿಸಿ ನೀರು ಕೊಟ್ಟು, ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲಿಟ್ಟರು. ಒಳಗೆ ಕಟ್ಟಿಸಿದ ಹಲ್ಲಿನ ಪ್ಲೇಟು, ಮೇಲ್ದವಡೆಯದು.

ನನ್ನ ಕೆಲಸವೇ ಅದಲ್ಲವೇ, ದಿನವಿಡೀ ಜನರಿಗೆ ಹಲ್ಲು ಕಟ್ಟುವುದು. ಲಿಫ್ಟಿನ ಬಾಗಿಲು ಬಡಿದು ಅವರ ಮುಂದಿನ ಹಲ್ಲೂ ಕೋರೆಹಲ್ಲೂ ಮುರಿದಾಗ ನಾನೇ ಕಟ್ಟಿಕೊಟ್ಟಿದ್ದೆ. ಒಳ್ಳೆ ಸಾಲಾಗಿ ಜೋಡಿಸಿದ್ದರೆ ಒಪ್ಪಲಿಲ್ಲ. ‘ನನ್ನ ಕೋರೆಹಲ್ಲು ಸೊಟ್ಟಗಿತ್ತು, ಸೊಟ್ಟಗೇ ಇರಲಿ, ಕನ್ನಡೀಲಿ ನನ್ನ ಗುರುತು ನಂಗೆ ಸಿಗಬೇಕು’ ಎಂದು ಹಟ ಹಿಡಿದು ಮತ್ತೆ ಮಾಡಿಸಿಕೊಂಡಿದ್ದರು. ಕವರಿನೊಳಗೆ ಆ ಸೊಟ್ಟ ಹಲ್ಲು ಹಾಗೇ ಇತ್ತು.

‘ನಿಮ್ಮ ಯಜಮಾನರದ್ದೇನಮ್ಮಾ?’ ಎಂದು ಕೇಳಿದರು. ‘ಇದು ನನ್ನ ಕೆಲಸ’ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದರು. ಮತ್ತೂ ಹಾಗೇ ಹೇಳಿದೆ. ಆಗ ನನ್ನ ತಲೆಯಲ್ಲಿದ್ದದ್ದು ಏನು ಗೊತ್ತೇ ಅತ್ತಿಗೆ? ಹಿಂದಿನ ಅಂಚು ಸರಿಯಾಗಿ ಪಾಲಿಶ್ ಆಗಿಲ್ಲ, ಅವರಿಗೆ ನಾಲಿಗೆಗೆ ಚುಚ್ಚುತ್ತಿತ್ತೋ ಏನೋ, ಹೇಳಲೇ ಇಲ್ಲವಲ್ಲ ಎಂದು.

ಅವರನ್ನು ಕಂಡದ್ದು ಕಾಲೇಜು ಹುಡುಗಿಯರು. ಅಪರೂಪವಾಗುತ್ತಿರುವ ಗಿಡವೆಂದು ಕರಿಗಣ್ಣಿಯನ್ನು ಎಣಿಸಲು ಬಂದಿದ್ದರಂತೆ. ಅವರಲ್ಲೊಬ್ಬಳು ಸ್ಟೇಷನ್ನಿಗೆ ಬಂದು ನನಗಾಗಿ ಕಾದು ಕೂತಿದ್ದಳು. ಪ್ಯಾಂಟಿನ ಮಂಡಿಯೆಲ್ಲ ಮಣ್ಣು. ‘ಹೂ ಕೆಳಗೆ ನೋಡ್ತಿರುತ್ತಲ್ಲ ಆಂಟಿ, ನಿಂತು ನೋಡಿದ್ರೆ ಏನೂ ಕಾಣಲ್ಲ. ನಾವು ತೆವಳ್ಕೊಂಡೇ ಹೋಗ್ಬೇಕು’ ಎಂದಳು. ಪೊಲೀಸರು ನಿಂತು ನೋಡಿದ್ದರು, ಅಷ್ಟೇ. ದಾರಿಯಿಂದ ಏನೂ ದೂರವಿರಲಿಲ್ಲ. ಪೊದೆಗಳ ನಡುವೆ ಒಂದು ಮಗ್ಗುಲಾಗಿ, ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗಿದ ಹಾಗಿದ್ದರಂತೆ. ಹೃದಯ ನಿಂತಿರಬೇಕು, ಬರೀ ಮೂಳೆ ನೋಡಿ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಹುಡುಗಿ ಇಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ನಾನೇ ಅವಳ ಬೆನ್ನು ಸವರಿದೆ.

ನಿನ್ನೆ ಅವಳ ಜೊತೆ ಹೋಗಿ ಆ ಜಾಗ ನೋಡಿ ಬಂದೆ. ಗಿಡದ ತುಂಬ ಹೂ. ಪೊಲೀಸರು ಸುತ್ತ ಹಗ್ಗ ಕಟ್ಟಿದ್ದ ಕಡೆ ಒಂದಷ್ಟು ರೆಂಬೆ ಮುರಿದಿದ್ದವು. ಕೂತೆ. ಒಂದು ಹೂವಿನ ಮುಖ ಎತ್ತಿ ನೋಡಿದೆ. ಕಪ್ಪು ಚುಕ್ಕೆ ಇತ್ತು. ಅಳು ಬರಬಹುದೆಂದು ಕಾದೆ. ಇರುವೆ ಹತ್ತಿತು, ಕೊಡವಿಕೊಂಡೆ. ಹುಡುಗಿ ‘ನೀರು ಬೇಕಾ ಆಂಟಿ’ ಎಂದಳು, ಬೇಡ ಎಂದೆ. ಬಸ್ಸು ಹತ್ತಿ ವಾಪಸು ಬಂದೆವು. ಸಿಟ್ಟೂ ಹೋಯಿತು ಅತ್ತಿಗೆ. ಅದು ಎದ್ದುಹೋದ ಜಾಗಕ್ಕೆ ಏನೂ ಬಂದಿಲ್ಲ. ಹಲ್ಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ಇದೆ, ನನ್ನದಲ್ಲ, ಹಾಗಿದ್ದೇನೆ.

ಈಗ ಕೇಳಬೇಕಾದ್ದು ಕೇಳುತ್ತೇನೆ. ಅತ್ತೆಗೆ ಇನ್ನೂ ಹೇಳಿಲ್ಲ. ಊರೆಲ್ಲ ಏನೆಂದರೂ ‘ನನ್ನ ಮಗ ಅಂಥೋನಲ್ಲ’ ಎಂದವರು ಅವರೊಬ್ಬರೇ. ನೀವು ಕರೆದಾಗಲೂ ನಿಮ್ಮ ಹತ್ತಿರ ಬಾರದೆ ನನ್ನ ಜೊತೆಗೇ ಉಳಿದರು. ಇವತ್ತೂ ಫೋನು ಸದ್ದಾದರೆ ತಲೆ ಎತ್ತುತ್ತಾರೆ. ಅವರ ಮುಂದೆ ಬಾಯಿ ತೆರೆಯಲು ನನ್ನಿಂದ ಆಗುತ್ತಿಲ್ಲ. ಮುಂದಿನ ವಾರ ನಿಮ್ಮ ತಮ್ಮನನ್ನು ನಮ್ಮ ಕೈಗೆ ಕೊಡುತ್ತಾರಂತೆ. ಅಷ್ಟರೊಳಗೆ ನೀವು ಬನ್ನಿ. ಹೆತ್ತವಳಿಗೆ ಹೆತ್ತ ಮಗಳೇ ಹೇಳಿದರೆ ಚೆನ್ನ. ನನ್ನ ಜೊತೆ ಮಾತಾಡದಿದ್ದರೂ ಅಡ್ಡಿಯಿಲ್ಲ.

ನಿಮ್ಮ ದಾರಿ ಕಾಯುತ್ತ,
ನಿಮ್ಮ ತಮ್ಮನ ಹೆಂಡತಿ

ಕಡೆಗೊಂದು ಮಾತು: ಮಗಳೇ, ಇದು ಅಮ್ಮ ಬರೆಯುತ್ತಿರುವುದು. ಕಾಗದವನ್ನು ಮೇಜಿನ ಮೇಲೆ ಬಿಟ್ಟು ಇವಳು ಒಳಗೆ ಪಾತ್ರೆ ತೊಳೆಯುತ್ತಿದ್ದಾಳೆ. ಓದಿದೆ. ಲ್ಯಾಬಿನವರು ಬೂಟು ಹಾಕ್ಕೊಂಡು ಜೀಪಲ್ಲಿ ಬರ್ತಾರೇನೇ? ನನಗೆ ಗುರುವಾರವೇ ಗೊತ್ತಾಯಿತು. ಇವಳು ಮನೆಯಲ್ಲಿಲ್ಲದಾಗ ಅತ್ತು ಮುಗಿಸಿದ್ದೇನೆ. ನನಗೆ ಹೇಳುವುದಕ್ಕೆಂದು ನೀನು ಬರಬೇಡ, ಇವಳಿಗಾಗಿ ಬಾ. ಇಷ್ಟು ದಿನ ನಮಗಿಬ್ಬರಿಗೇ ತಟ್ಟೆ ಹಾಕುತ್ತಿದ್ದವಳು ಗುರುವಾರದಿಂದ ಮೂರು ಹಾಕುತ್ತಿದ್ದಾಳೆ. ಅವಳಿಗೆ ಅದರ ಪರಿವೆಯೇ ಇಲ್ಲ. ಅವಳು ಆ ಕಡೆ ತಿರುಗಿದಾಗ ನಾನು ಒಂದನ್ನು ಎತ್ತಿಡುತ್ತಿದ್ದೇನೆ.