ಫ್ಲೆಕ್ಸಿನಲ್ಲಿ ನಗುವ ಅಣ್ಣನಿಗೆ

ಅಣ್ಣಾ,

ನಿನ್ನನ್ನು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನೇತುಹಾಕಿದ್ದಾರೆ. ಎರಡಾಳೆತ್ತರದ ಫ್ಲೆಕ್ಸು. ಕೆಳಗೆ 'ಹೊರರಾಜ್ಯದವರಿಗೆ ಬಲಿಯಾದ ನಮ್ಮ ಹುತಾತ್ಮ' ಅಂತ ಬರೆದಿದೆ. ಪಕ್ಕದಲ್ಲಿ ಕೈ ಮುಗಿದು ನಿಂತಿರುವವನು ಯಾರು ಗೊತ್ತಾ? ಸೈಟ್ ಬ್ರೋಕರ್ ಗೋಪಿ. ನಿನ್ನ ವರ್ಕ್‌ಶಾಪಿನ ಹೊಸಿಲು ದಾಟಲು ನೀನು ಬಿಡದಿದ್ದವನು ಈಗ ಎಲ್ಲರಿಗೂ ಗೋಪಣ್ಣ.

ಆರ್ಡರ್ ನಿಂತು ನೀನು ಲೇತ್ ಮೆಷಿನ್ ಮಾರಿದ ದಿನ ನೆನಪಿದೆಯಾ? ಆಮೇಲೆ ಆ ಬೀದಿಯಲ್ಲಿ ಒಂದೊಂದಾಗಿ ಶೆಟರ್ ಇಳಿದವು. ನೀನು ಎದೆ ಹಿಡಿದುಕೊಂಡು ಹೋಗಿಬಿಟ್ಟೆ. ಆಗ ಬಂದ ಗೋಪಿ. ಮನೆಮನೆಗೆ ಅಕ್ಕಿ, ಸುಮ್ಮನೆ ಕೂತ ಗಂಡಸರ ಹೆಗಲಿಗೆ ಪಾರ್ಟಿ ಶಾಲು, ಬೈಯುವುದಕ್ಕೆ ಬಿಹಾರದವರು. ಕೆಲಸ ಕೇಳಿದವರಿಗೆ ಶತ್ರುವನ್ನು ಹಂಚಿದ. ಉರಿಯೋ ಮನೆಯಲ್ಲಿ ಗಳ ಹಿರಿಯೋದು ಅಂದರೆ ಇದೇ ಅಲ್ಲವಾ? ಎಲೆಕ್ಷನ್ನೂ ಗೆದ್ದ.

ಫ್ಲೆಕ್ಸಿನಲ್ಲಿರುವ ಫೋಟೋ ನಿನ್ನ ಕೊನೆಯ ಆಯುಧಪೂಜೆಯದು. ಕುಂಬಳಕಾಯಿ ಒಡೆದು ನೀನೂ ಬಿಹಾರದಿಂದ ಬಂದ ನಿನ್ನ ಕೆಲಸಗಾರ ಪೂರಣ್‌ನೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಿರಿ. ಅವನನ್ನು ಕತ್ತರಿಸಿದ್ದಾರೆ. ಆದರೆ ನಿನ್ನ ಭುಜದ ಮೇಲೆ ಅವನ ಬೆರಳುಗಳು ಹಾಗೇ ಉಳಿದಿವೆ. ನಿನ್ನನ್ನು ಆಟೋದಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದವನು ಅವನೇ ಅಂತ ಯಾರಿಗೆ ಹೇಳಲಿ... ಕೇಳುವವರಾದರೂ ಯಾರು?

ಫೋಟೋ ಕೊಟ್ಟವಳು ಅತ್ತಿಗೆ. ಜಗಳಕ್ಕೆಂದೇ ಹೋದೆ. ಅವಳು ಒಲೆ ಕಡೆಯಿಂದ ತಿರುಗಲೂ ಇಲ್ಲ.

"ಅಕ್ಕಿ ತಂದು ಹಾಕಿದ್ದು ಅವ್ರು, ಲಕ್ಷ್ಮೀ. ಫೋಟೋ ಕೇಳಿದ್ರೆ ಇಲ್ಲ ಅನ್ಲಾ?"

"ಅಣ್ಣಂಗೆ ಆಗಿದ್ದು ಹಾರ್ಟ್ ಅಟ್ಯಾಕು. ಪೂರಣ್ ಏನ್ ಮಾಡ್ದ ಅತ್ತಿಗೆ?"

"ನಂಗೊತ್ತಿಲ್ವಾ? ಗೊತ್ತಿದ್ರೆ ಹೊಟ್ಟೆ ತುಂಬುತ್ತಾ?"

ಅವಳ ಮೇಲೆ ಸಿಟ್ಟು ಬರಲಿಲ್ಲ ಅಣ್ಣಾ. ಅವಳ ಬಾಯಲ್ಲಿ ಈ ಮಾತು ಬರುವ ಹಾಗೆ ಮಾಡಿದವನನ್ನು ನೆನೆದು ಮೈಯೆಲ್ಲ ಹೇಸಿಗೆಯಾಯಿತು.

ಭಾನುವಾರ ನಿನ್ನ ವರ್ಷದ ತಿಥಿ. ಗೋಪಿ ಹಾರ ಹಿಡಿದು ಕ್ಯಾಮೆರಾದವರ ಜೊತೆ ಬರುತ್ತಾನಂತೆ. ಪೂರಣ್‌ನ ಬಾಡಿಗೆ ಮನೆಯನ್ನು ಗೋಪಿಯ ಕಡೆಯವರು ಬಿಡಿಸಿದರು. ಈಗ ಶಿವಾಜಿನಗರದಲ್ಲಿ ಮೂಟೆ ಹೊರುತ್ತಾನೆ. ನಿನ್ನೆ ಹೋಗಿ ತಿಥಿಗೆ ಕರೆದೆ. "ಬೇಡ ಅಕ್ಕಾ, ನಿಮ್ಗೆ ತೊಂದ್ರೆ ಆಗ್ತದೆ" ಅಂದ. ಅದು ನೀನು ಕಲಿಸಿದ ಕನ್ನಡ.

ನನಗೂ ಭಯ ಇದೆ. ಆದರೂ ನಾನೇ ಹೋಗಿ ಅವನನ್ನು ಕರೆದುಕೊಂಡು ಬರುತ್ತೇನೆ. ನಿನಗೆ ಎಡೆ ಇಟ್ಟ ಮೇಲೆ ಊಟದ ಮೊದಲ ಎಲೆ ಪೂರಣ್‌ಗೆ ಹಾಕುತ್ತೇನೆ, ಎಲ್ಲರ ಕಣ್ಣೆದುರಿಗೇ. ಅವನು ಉಂಡು ಏಳುವವರೆಗೆ ಗೋಪಿ ಕಾಯಲಿ.

ನಿನ್ನ ತಂಗಿ,
ಲಕ್ಷ್ಮಿ