ಹದಿನಾಲ್ಕು ಕಡೆ ಲೇಟ್

ಕೊರಟಗೆರೆ
೧೧ ಜೂನ್ ೨೦೨೫

ಶ್ರೀಲತಾಳ ಅಪ್ಪನಿಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಬೆಳಿಗ್ಗೆ ಏನಾದರೂ ತಿಂದು ಟೀ ಕುಡಿಯುತ್ತೀರೋ, ಇಲ್ಲ ಮೊದಲಿನ ಹಾಗೆ ಖಾಲಿ ಹೊಟ್ಟೆಗೇ ಸುರಿದುಕೊಳ್ಳುತ್ತೀರೋ? ಪ್ರಿಂಟರಿಗೆ ಟೋನರ್ ತರುತ್ತೇನೆಂದು ತುಮಕೂರಿಗೆ ಹೋಗಿ ಏಳು ವರ್ಷ ಪತ್ತೆಯಿಲ್ಲದ ಮನುಷ್ಯನ ಮಂಡಿಯನ್ನು ವಿಚಾರಿಸುತ್ತೇನಲ್ಲ, ನನಗೇ ನಾಚಿಕೆಯಾಗುತ್ತದೆ. ಶಿರಾದ ನಸ್ರುಲ್ಲಾ, ಅದೇ ನಿಮ್ಮ ಜೊತೆ ಟೈಪಿಂಗ್ ಕಲಿತವರು, ಪಾವಗಡ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಿಮ್ಮ ಹಾಗೇ ಇದ್ದ ಒಬ್ಬರನ್ನು ಕಂಡೆ ಎಂದರು. ಕಂಡದ್ದು ಬೆನ್ನು ಮಾತ್ರವಂತೆ. ಆ ಹೋಟೆಲಿನ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಅವ್ವನಿಗೆ ಕಣ್ಣಿನ ಪೊರೆ ತೆಗೆಸಿದೆ. ಮಗಳು ಹತ್ತನೇ ಕ್ಲಾಸು ಪಾಸಾದಳು, ಅಂಕಪಟ್ಟಿಯನ್ನು ಯಾರಿಗೂ ತೋರಿಸದೆ ನಿಮ್ಮ ಶರ್ಟುಗಳ ಕೆಳಗೆ ಇಟ್ಟಿದ್ದಾಳೆ.

ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ನೀವು ಹೇಳಿಕೊಟ್ಟದ್ದೆಲ್ಲ ಬೆರಳಲ್ಲಿದೆ. ಕಟ್, ಪೇಸ್ಟ್ ಅನ್ನುವುದು ಹಿಂದೆ ನಿಜವಾಗಿಯೂ ಕತ್ತರಿ, ಗೋಂದು ಹಿಡಿದು ಮಾಡುತ್ತಿದ್ದ ಕೆಲಸ ಎಂದಿದ್ದಿರಿ. ಮೊದಮೊದಲ ಕಂಪ್ಯೂಟರುಗಳಲ್ಲಿ ತಪ್ಪು ಮಾಡಿದರೆ ಒಂದೇ ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು, ನಾವು ಪುಣ್ಯವಂತರು, ಎಷ್ಟು ಹೆಜ್ಜೆ ಬೇಕಾದರೂ ಹೋಗಬಹುದು ಎಂದಿದ್ದಿರಿ. ಕಂಟ್ರೋಲ್, ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಎರಡು ಪದಗಳು ಸಾಲಿನ ಕೊನೆಯಲ್ಲಿ ಬೇರೆಯಾಗುವುದಿಲ್ಲವಲ್ಲ, ಅದನ್ನು ಮಾತ್ರ ದಿನವೂ ಹೇಳುತ್ತಿದ್ದಿರಿ. ಕ್ರಯಪತ್ರದಲ್ಲಿ ಹೆಂಗಸಿನ ಹೆಸರು, ಇಂಥವರ ಹೆಂಡತಿ ಅನ್ನುವ ‘ಕೋಂ’ ಮೇಲಿನ ಸಾಲಿನಲ್ಲೇ ಉಳಿದು ಗಂಡನ ಹೆಸರು ಕೆಳಗೆ ಬಿದ್ದರೆ, “ಗಂಡ ಹೆಂಡ್ರುನ್ನ ಬುಡಿಸಬಾರ್ದು ಕಣಮ್ಮ” ಎಂದು ನನ್ನ ಕೈಯಿಂದ ಮೌಸ್ ಕಿತ್ತುಕೊಳ್ಳುತ್ತಿದ್ದಿರಿ. ಹೇಳಿದವರು ಯಾರು ನೋಡಿ!

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮಳೆಯಲ್ಲಿ ಮನೆಯ ಹಿಂಗೋಡೆ ಬಿತ್ತು. ಹೊಸ ಮನೆ ಮಂಜೂರಾಗಬೇಕಾದರೆ ಖಾತೆ ನನ್ನ ಹೆಸರಿಗೆ ಬರಬೇಕು, ಅದಿರುವುದು ನಿಮ್ಮ ಹೆಸರಲ್ಲಿ. ಕಾಣೆಯಾಗಿ ಏಳು ವರ್ಷವಾಯಿತು, ಬದುಕಿಲ್ಲವೆಂದು ಕೋರ್ಟಿನಿಂದ ಹೇಳಿಸೋಣ ಎಂದು ವಕೀಲ ಶಂಕರಲಿಂಗಪ್ಪನವರು ಅರ್ಜಿ ಬರೆದು, ಟೈಪ್ ಮಾಡಲು ನನಗೇ ಕೊಟ್ಟರು. ಇನ್ಯಾರಿಗೆ ಕೊಡುತ್ತಾರೆ ಹೇಳಿ. ಕೊನೆಯಲ್ಲಿ ಖಾತೆ ಕೋರುವ ಒಂದೇ ಒಂದು ಕಡೆ ‘ಯಶೋಧರಾ ಕೋಂ ಲೇಟ್ ಭೀಮರಾಜು’ ಎಂದು ತಿದ್ದಬೇಕಿತ್ತು. ದಿನಬೆಳಗಾದರೆ ಯಾರ್ಯಾರೋ ಸತ್ತವರ ಪೌತಿ ಖಾತೆಯ ಅರ್ಜಿ ಮಾಡುವ ಕೈ ಇದು, ಅಭ್ಯಾಸಬಲದಿಂದ ‘ರಿಪ್ಲೇಸ್ ಆಲ್’ ಒತ್ತಿಬಿಟ್ಟಿತು. ಹದಿನಾಲ್ಕು ಕಡೆ ಬದಲಾಗಿದೆ ಎಂದು ತೋರಿಸಿತು. ಓದಿದರೆ, ಲೇಟ್ ಭೀಮರಾಜು ರವರೊಡನೆ ನನ್ನ ವಿವಾಹವಾಗಿದೆ. ಲೇಟ್ ಭೀಮರಾಜು ರವರಿಗೆ ಹೆಣ್ಣುಮಗು ಜನಿಸಿದೆ. ಲೇಟ್ ಭೀಮರಾಜು ರವರು ಟೋನರ್ ತರಲು ಬಸ್ಸು ಹತ್ತಿದ್ದಾರೆ. ಮೊದಲು ನಗು ಬಂತು. ಆಮೇಲೆ, ಏಳು ವರ್ಷ ಜನರೆದುರು ಅಳದವಳು ಪಹಣಿಗೆ ಬಂದವರ ಮುಂದೆಲ್ಲ ಅತ್ತೆ.

ಬುತ್ತಿ ತಂದಿದ್ದ ನಿಮ್ಮ ಅವ್ವ ಏನಾಯಿತೆಂದು ಕೇಳಿದರು. ಹೇಳಿದೆ. ಕಂಟ್ರೋಲ್ ಝಡ್ ಒತ್ತಿದೆ. ಒಂದೇ ಏಟಿಗೆ ಹದಿನಾಲ್ಕು ಕಡೆಯೂ ನೀವು ಬದುಕಿಕೊಂಡಿರಿ. ಅಕ್ಷರ ಬಾರದ ಅವ್ವ ಪರದೆಯನ್ನು ಬೆರಳಿನಿಂದ ಸವರಿ, “ಇಂಗೇ ಇರ್ಲಿ ಬುಡು ಕಣಮ್ಮ, ಇನ್ನೇನೂ ಒತ್ತಬ್ಯಾಡ” ಎಂದರು. ಎರಡು ದಿನ ನಾನೂ ಒತ್ತಲಿಲ್ಲ. ಆ ಫೈಲನ್ನು ಮುಚ್ಚಲೂ ಇಲ್ಲ.

ಅವ್ವ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಗಳು ಏನನ್ನೂ ತಿಳಿಸಲು ಹೇಳಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನಿ.

ಇಂತಿ,
ಯಶೋಧರಾ

ಮರೆತಿದ್ದೆ: ಆ ಒಂದು ಕಡೆ ತಿದ್ದಿ ಇವತ್ತು ಸಹಿ ಹಾಕಿಕೊಟ್ಟೆ. ಇಪ್ಪತ್ತೈದು, ಬುಧವಾರ, ಮಧುಗಿರಿ ಕೋರ್ಟಿನಲ್ಲಿ ನನ್ನ ಗಂಡ ಬದುಕಿಲ್ಲವೆಂದು ನಾನು ಬಾಯಿಬಿಟ್ಟು ಹೇಳಬೇಕು. ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಬನ್ನಿ. ಬಂದು, ಇವಳು ಸುಳ್ಳು ಹೇಳುತ್ತಿದ್ದಾಳೆ ಅನ್ನಿ. ಎಲ್ಲರೆದುರಿಗೂ ಅನ್ನಿ.